ಎಡಕ್ಕೆ ಹನ್ನೆರಡು ಮನೆ

ಕಾಗದದ ಬಲ ಅರ್ಧದಲ್ಲಷ್ಟೇ ಬರೆದ ಪತ್ರ.
ಎಡವೆಲ್ಲ ಬಿಳಿ, ಹೆಪ್ಪುಗಟ್ಟಿದ ಪೆಯ್ಪ್ಸಿ ಸರೋವರದ ಹಾಗೆ.
ಯಾರೋ ಮುದುಕರು ಅಂದುಕೊಂಡೆ,
ಆದರೆ ಜಿಪುಣರಲ್ಲ.

ವಲ್ದೂರ್ ರಾಯ್ಡ್‌ಮಾ, ಮುಸ್ತ್‌ವೇ ಊರು.
ಮೀನುಗಾರರ ಮಾತಿಗೊಂದು ನಿಘಂಟು ಕಟ್ಟುತ್ತಿದ್ದಾರೆ:
ಬಲೆಯ ಗಂಟಿಗೆ ಒಂಬತ್ತು ಹೆಸರು,
ಬಿರುಕು ಬಿಡುವ ಮುಂಚೆ ಮಂಜುಗಡ್ಡೆ ನರಳುವುದಕ್ಕೆ ನಾಲ್ಕು.

"ನವೆಂಬರಿನಲ್ಲಿ ಮಿದುಳೊಳಗೆ ರಕ್ತ ಹೆಪ್ಪುಗಟ್ಟಿತು,"
ಹವಾಮಾನ ವರದಿ ಓದುವವರಂತೆ ಬರೆದಿದ್ದರು.
"ಕಣ್ಣೆರಡೂ ನೆಟ್ಟಗಿವೆ. ಲೋಕದ ಎಡಭಾಗ ಮಾತ್ರ ಇಲ್ಲ.
ಊಟ ಮುಗಿಸಿ ಏಳುತ್ತೇನೆ, ಆಲೂಗಡ್ಡೆ ಅರ್ಧ ಅಲ್ಲೇ ಇರುತ್ತದೆ.
ಹೆಂಡತಿ ಏನೂ ಅನ್ನದೆ ತಟ್ಟೆ ತಿರುಗಿಸುತ್ತಾಳೆ.

ನಿಮ್ಮ ಎಡಿಟರಿಗೆ ಹೇಳಿದ್ದೇನೆ:
ಎಡಕ್ಕೆ ಹನ್ನೆರಡು ಮನೆ ಖಾಲಿ ಬಿಡು,
ಸಾಲು ನಾನಿರುವ ಕಡೆಯಿಂದ ಶುರುವಾಗಲಿ.
ಕಿಟಕಿ ಒಂದೇ ಇದ್ದಾಗ ಮಾತು ಕೇಳುತ್ತದೆ.
ಹಳೆಯ ಪ್ರತಿ, ಹೊಸ ಪ್ರತಿ ಪಕ್ಕಪಕ್ಕ ಇಡಲು
ಎರಡಾಗಿ ಸೀಳಿದೆನೋ,
ಅಕ್ಷರವೆಲ್ಲ ಎಡಕ್ಕೆ ಜಾರಿ ನೀರಿಗೆ ಬೀಳುತ್ತವೆ.
ಇಲ್ಲಿ ತಟ್ಟೆ ತಿರುಗಿಸುವವರು ಯಾರು?"

ತಾರ್ತುವಿನ ಬಟಾಣಿ ಬೀದಿಯಲ್ಲಿ ನನ್ನ ಮನೆ, ಮರದ್ದು.
ಜೋಡಿ ಗಾಜಿನ ಕಿಟಕಿ. ನಡುವೆ ಒಂದು ಗೇಣು ಏನೂ ಇಲ್ಲ;
ಆ ಏನೂ ಇಲ್ಲದ್ದೇ ಮನೆಯನ್ನು ಬೆಚ್ಚಗಿಟ್ಟಿದೆ.
ಅಲ್ಲಿ ಕೂತು ಹಳೆಯ ಕೋಡು ತೆಗೆದೆ.

ಪರದೆಗೆ ಎಂಬತ್ತು ಮನೆ.
ಅಂಚಿಗೆ ಹನ್ನೆರಡು ಕಳೆ, ಅರವತ್ತೆಂಟು.
ಎರಡು ಪಾಲು ಮಾಡು, ಮೂವತ್ತನಾಲ್ಕು.
ಪಾಲಿಗೆ ಬಂದ ಕಿಟಕಿ ಪಾಪ, ತಾನೂ ಕಂದಾಯ ಕಟ್ಟಬೇಕೆಂದುಕೊಂಡು
ಮತ್ತೆ ಹನ್ನೆರಡು ಕಳೆಯಿತು: ಇಪ್ಪತ್ತೆರಡು.
ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ಎರಡು ಸಲ.

ಅದರ ಕೆಳಗೆ ಇನ್ನೊಂದು ಸಾಲು:
ಇಪ್ಪತ್ತೈದಕ್ಕಿಂತ ಕಡಿಮೆ ಉಳಿದರೆ ಅಂಚನ್ನೇ ಕಿತ್ತೆಸೆ.
ಪಕ್ಕದಲ್ಲಿ ಯಾರೋ ಟಿಪ್ಪಣಿ ಗೀಚಿದ್ದರು:
ಅಂಚು ತಾನೇ, ಅಲ್ಲಿ ಯಾರೂ ನೋಡುವುದಿಲ್ಲ.

ಯಾರೋ ಅಲ್ಲ.
ಹನ್ನೊಂದು ವರ್ಷದ ಹಿಂದಿನ ತಾರೀಕು, ನನ್ನ ಹೆಸರು.

ಸುಳ್ಳು ಬರೆದಿರಲಿಲ್ಲ ಬಿಡಿ.
ಅಲ್ಲಿ ವಲ್ದೂರ್ ನೋಡುವುದಿಲ್ಲ.
ಅದಕ್ಕೇ ಅಲ್ಲಿ ಅಕ್ಷರ ಇರಕೂಡದು.

ಮೂರನೆಯ ತರಗತಿಯಲ್ಲಿ ಲೆಯ್ಡಾ ಟೀಚರ್
ನೋಟುಬುಕ್ಕಿನ ಕೆಂಪು ಗೆರೆ ಮುಟ್ಟಿ ಹೇಳುತ್ತಿದ್ದರು:
"ಇದರಿಂದಾಚೆ ನನ್ನ ಜಾಗ. ಕಾಲಿಡಬೇಡಿ."
ನಮಗೆ ಅದು ಬೈಗುಳ ಬರುವ ಜಾಗ. ತುಂಬಿಸಿಬಿಟ್ಟರೆ
ಬೈಯಲು ಜಾಗವೇ ಇರುವುದಿಲ್ಲವೆಂದು
ಒಮ್ಮೆ ಪುಟದ ಪೂರ್ತಿ ಬರೆದು ಕೊಟ್ಟಿದ್ದೆ.
ಅವರು ಅಕ್ಷರಗಳ ಮೇಲೆಯೇ ಬೈದರು.

ಬೆಳಗಿನ ಜಾವಕ್ಕೆ ಕೆಲಸ ಮುಗಿಯಿತು.
ಇಡೀ ಪರದೆಯಿಂದ ಕಳೆಯುವ ಸಾಲು ಅಳಿಸಿದೆ.
ಕಿಟಕಿಗೊಂದು ಅಂಚು, ಅದರ ಲೆಕ್ಕ ಅದಕ್ಕೆ, ಒಂದೇ ಸಲ.
ನಲವತ್ತರಲ್ಲಿ ಹನ್ನೆರಡು ಹೋಗಿ ಇಪ್ಪತ್ತೆಂಟು. ಸಾಕು,
ಮೀನಿನ ಹೆಸರು ಎಷ್ಟುದ್ದ ಇದ್ದೀತು?
ಜಾಗ ಸಾಲದೆ ಬಂದರೆ ಸಾಲು ಮಡಚಿಕೊಳ್ಳಲಿ,
ಅಂಚು ಕದಲುವುದಿಲ್ಲ.
ಎಡಕ್ಕೊಂದು ಕೆಂಪು ಗೆರೆ ಸೇರಿಸಿದೆ, ಕೇಳಿರಲಿಲ್ಲ ಅವರು.
ಟಿಪ್ಪಣಿಯನ್ನು ಅಳಿಸಲಿಲ್ಲ. ಇರಲಿ, ನನಗೆ.

ಉತ್ತರವನ್ನು ನಾನೂ ಕಾಗದದ ಬಲಕ್ಕೇ ಬರೆದೆ.
ಪೆನ್ನು ಎಡಕ್ಕೆ ಎಳೆಯುತ್ತಿತ್ತು, ಅಭ್ಯಾಸ ಕೆಟ್ಟದ್ದು.

ಮುಂದಿನ ವಾರ ಪ್ಯಾರ್ನುವಿನಿಂದ ಒಬ್ಬರ ದೂರು:
"ಹೊಸ ಆವೃತ್ತಿಯಲ್ಲಿ ಅಂಚು ಹಟ ಹಿಡಿದು ಕೂರುತ್ತದೆ.
ಇಷ್ಟು ಖಾಲಿ ಜಾಗ ಯಾರಪ್ಪನಿಗೆ ಬೇಕು?"

ನ್ಯಾಯವಾದ ಪ್ರಶ್ನೆ. ಇನ್ನೂ ಉತ್ತರಿಸಿಲ್ಲ.
ಊಟಕ್ಕೆ ಕೂತಿದ್ದೇನೆ, ಆಲೂಗಡ್ಡೆ, ಉಪ್ಪು ಮೀನು.
ಎಲ್ಲ ಕಾಣುತ್ತಿದೆ.
ಆದರೂ ತಟ್ಟೆಯನ್ನೊಮ್ಮೆ
ತಿರುಗಿಸಿ ನೋಡುತ್ತೇನೆ.