ಪ್ಯಾಕಿಂಗ್ ಬದಲಿಸಿದ ಮ್ಯಾಲೂ

ಅಂಗಳದ ಪರ್ಶಿಕಲ್ಲು ಎಲ್ಲಾ ಹೇಳ್ತದ.
ಶಹಾಬಾದಿನ ಕಲ್ಲು, ಬೂದಿ ಬಣ್ಣದ್ದು,
ಹನಿ ಬಿದ್ದರ ಕುಡದುಬಿಡ್ತದ, ಮರಳಿ ಕೊಡಂಗಿಲ್ಲ.
ಮೆಟಾಡೋರ್ ನಿಲ್ಲೂ ಜಾಗದಾಗ ಮೂರು ಕಪ್ಪು ಕಲಿ:
ಒಂದು ರೊಟ್ಟಿಯಷ್ಟು, ಒಂದು ಅಂಗೈಯಷ್ಟು,
ಇನ್ನೊಂದು, ನಿನ್ನಿ ರಾತ್ರಿದು, ಎಂಟಾಣೆಯಷ್ಟು.
ಕಸ್ತೂರಬಾಯಿ ಸೋಡಾ ಹಾಕಿ ತಿಕ್ಕಿ ತಿಕ್ಕಿ ಬಿಟ್ಟಳು.
ರಂಗೋಲಿ ಈಗ ಒಂದು ಮಾರು ಅತ್ತ ಸರದದ.

ಮದಲ ಸಲ ಜಿಲಾನಿ ಮ್ಯಾಲಿನ ಮುಚ್ಚಳ ಬಿಚ್ಚಿದ.
ಕಾರ್ಕಿನ ಪ್ಯಾಕಿಂಗು ಸುಟ್ಟ ಹಪ್ಪಳದಂಗ ಮುರೀತು.
ಹೊಸಾದು ಕೂಡಿಸಿ, ಅಂಟು ಬಳದು, "ಆತು ಕಾಕಾ" ಅಂದ.
ಹದಿನೈದು ದಿನ ಒಣಗಿತ್ತು.
ಆಮ್ಯಾಲ ಚೇಂಬರಿನ ಪ್ಯಾಕಿಂಗು.
ಆಮ್ಯಾಲ ಮುಂದಿನ ಸೀಲು.
ಆಮ್ಯಾಲ ಗೇರಬಾಕ್ಸ್ ಇಳಿಸಿ ಹಿಂದಿನ ಸೀಲು, ಎರಡು ದಿನದ ಬಾಡಿಗಿ ಹೋತು,
ಚಿತ್ತಾಪುರದ ಗಿರಾಕಿ ಬ್ಯಾರೆ ಗಾಡಿ ಹಿಡದ.

ಅವತ್ತ ನಾ ಅಂದೆ, ನಾಕು ಮಂದಿ ಮುಂದ,
"ಹುಡುಗನ ಕೈಯಾಗ ಏನಿಲ್ಲ, ಎಲ್ಲಾ ಬಾಯಾಗ ಅದ."
ಅಂವ ಏನೂ ಅನಲಿಲ್ಲ.
ಪಾನಾ ಒಂದೊಂದೇ ಒರಸಿ ಇಟ್ಟ,
ಹದಿಮೂರರದು ಹದಿಮೂರರ ಮನ್ಯಾಗ,
ಹತ್ತೊಂಬತ್ತರದು ಹತ್ತೊಂಬತ್ತರ ಮನ್ಯಾಗ.
ಮಜೂರಿ ಮುಟ್ಟಲಿಲ್ಲ.

ವಾಡಿಯಾಗ ಆರೋಗ್ಯಪ್ಪ ಅಂತ,
ರೈಲ್ವೆ ಲೋಕೋ ಶೆಡ್ಡಿನ ರಿಟೈರ್ ಫಿಟ್ಟರು.
ನೋಡಿದ, ಮುಟ್ಟಲಿಲ್ಲ.
"ತೊಳಕೊಂಡು ಬಾ. ಹೊಲಸಿನಾಗ ಹೊಲಸು ಹ್ಯಾಂಗ ಹುಡುಕಲಿ?"
ಡೀಸೆಲ್ಲು, ಸಾಬೂನಪುಡಿ, ಹಳಿ ಬ್ರಶ್ಶು.
ಎಂಜಿನ್ನು ನನ್ನ ಮದಿವಿ ವರ್ಷದ ಬಣ್ಣ ತೋರಿಸ್ತು.
ಒಣಗಿದ ಮ್ಯಾಲ ಕಸ್ತೂರಬಾಯಿ ಪೌಡರ್ ಡಬ್ಬಿ
ಪೂರಾ ಸುರದ್ವಿ ಅದರ ಮೈಮ್ಯಾಲ.
ನಾಲವಾರದ ತನಕ ಹೋಗಿ ಬಂದೆ,
ಮಲ್ಲಿಗಿ ವಾಸನಿ, ಡೀಸೆಲ್ ವಾಸನಿ, ಎರಡೂ ಮೂಗಿನಾಗ.

"ಎಣ್ಣಿ ಸುಳ್ಳ ಹೇಳ್ತದ," ಅಂದ ಮುದುಕ,
"ಮ್ಯಾಲ ಹುಟ್ಟಿ ಕೆಳಗ ಸಿಗ್ತದ,
ಗಾಳಿ ಹತ್ತಿ ಹಿಂದಕ ಹೋಗ್ತದ.
ತೊಯ್ದದ್ದು ಒಂದು ಕಡಿ, ತೂತು ಒಂದು ಕಡಿ."
ಸೀಟಿನ ಬಾಜೂಕಿನ ಎಂಜಿನ್ ಡಬ್ಬಿ ಎತ್ತಿದ್ವಿ.
ಬಿಳಿ ಪುಡಿ ಮ್ಯಾಲ ಕಪ್ಪು ಗೆರಿ ಒಂದಲ್ಲ,
ಮ್ಯಾಲ, ಮುಂದ, ಹಿಂದ,
ಎಲ್ಲಾ ಕಡಿ ಒಮ್ಮಿಗೇ ಬೆವತಂಗ.

"ಚಾಲೂ ಇರಲಿ" ಅಂದ.
ಎಣ್ಣಿ ಹಾಕೂ ಮುಚ್ಚಳ ಸಡ್ಲು ಮಾಡಿ ಕೈ ಬಿಟ್ಟ.
ಮುಚ್ಚಳ ಕುಣೀತು,
ಅನ್ನದ ಗಡಿಗಿ ಮ್ಯಾಲಿನ ತಾಟಿನಂಗ.
ರಿಂಗು ಸವದಾವ, ಮೂವತ್ತು ಸಾವಿರ, ಅಂತ ನನ್ನ ಹೊಟ್ಟಿ.
ಮುದುಕ ಹೆಬ್ಬೆರಳ ದಪ್ಪದ ಗಾಳಿ ಪೈಪು ಕಿತ್ತ,
ಬಿಸಲಿಗಿ ಹಿಡದು ಒಂದು ಕಣ್ಣು ಮುಚ್ಚಿದ.
ಆ ಕಡಿಂದ ಬೆಳಕು ಬರಲಿಲ್ಲ.
ತಂತಿ ತೂರಿಸಿದ, ತಿರುವಿದ.
ಹೊರಗ ಬಿತ್ತು ಬೆರಳುದ್ದ ಒಂದು ತುಣುಕು:
ಎಣ್ಣಿ ಹಬಿ, ಸಿಮೆಂಟ್ ಫ್ಯಾಕ್ಟರಿ ದೂಳು,
ಹತ್ತು ಹನ್ನೆರಡು ವರ್ಷ ಕೂಡಿ ಕಲ್ಲಾಗಿದ್ದು,
ನಮ್ಮ ಖಣಿ ಕಲ್ಲಿನಂಗ ಪದರು ಪದರು.

"ಉಸರು ಬಿಡಲಿಕ್ಕ ಜಾಗ ಇಲ್ಲಂದ್ರ
ಯಾವ ಸೀಲು ತಡದೀತು?
ಪ್ಯಾಕಿಂಗ್ ಹಾಕಿದಂವ ಛಲೋ ಹಾಕ್ಯಾನ, ನೋಡು.
ಬೋಲ್ಟು ಎಲ್ಲಾ ಒಂದೇ ಅಳತಿ ಬಿಗದಾವ."
ರೊಕ್ಕ ಕೇಳಿದರ ಚಾ ಕುಡಸು ಅಂದ.

ಜಿಲಾನಿ ಗ್ಯಾರೇಜಿನ ಮುಂದ ಮೂರು ಸಲ ಹಾದೆ,
ಸುಮ್ಮ ಸುಮ್ಮನ ಹಾರನ್ ಹೊಡದೆ.
ನಾಕನೇ ಸಲ ನಿಂದರಿಸಿದೆ.
ಅಲ್ಲಿ ಮಂದಿ ಇದ್ದರು. ಅವತ್ತಿನವರಲ್ಲ.
ಹಾದಿಗುಂಟ ಕಟಗೊಂಡು ಬಂದ ಮಾತು ನಾಲಗಿಗೇ ಬರಲಿಲ್ಲ;
ಕಾಗದದಾಗ ಸುತ್ತಿದ ತುಣುಕು ಬೆಂಚಿನ ಮ್ಯಾಲ ಇಟ್ಟೆ.
ಅಂವ ಮೂಸಿದ, ಉಗರಿಲೆ ಕೆರದ.
"ಬ್ರೀದರ್," ಅಂದ. "ನನಗ ಹೊಳೀಬೇಕಿತ್ತು ಕಾಕಾ."

ತಪ್ಪಾತು ಅನ್ನೂದು ನನ್ನ ಪಾಳಿ ಇತ್ತು.
ಅಂದೆ, ಖರೆ; ಕಂಪ್ರೆಸರ್ ಚಾಲೂ ಇತ್ತು,
ಕೇಳಿಸ್ತೋ ಇಲ್ಲೋ.

ಅಷ್ಟರಾಗ ಅಂವ ಬ್ಯಾಟರಿ ಹಿಡಕೊಂಡು ಗಾಡಿ ಕೆಳಗ ಹೊಕ್ಕಿದ್ದ.
"ಒಂದು ಹನಿ ಇನ್ನೂ ಅದ. ಡ್ರೇನ್ ಬೋಲ್ಟಿಂದು."
ಕೆಳಗಿಂದ ಕಪ್ಪು ಕೈ ಒಂದು ಹೊರಗ ಬಂತು.
"ಹತ್ತೊಂಬತ್ತರದು ಕೊಡ್ರಿ."
ಹುಡುಕೂದು ಬೇಕಾಗಲಿಲ್ಲ.
ಅದು ಅದರ ಮನ್ಯಾಗ ಇತ್ತು.