ಬಲೆಯ ಕಣ್ಣು

ಮೂಸೋಡಿಯ ಐತಪ್ಪ ಮಾವನ ಮುಂದೆ
ಕಾಸರಗೋಡಿನ ಡಾಕ್ಟರು ಹಿಡಿದದ್ದು
ಚೌಕಳಿ ಗೆರೆಗಳ ಒಂದು ಹಾಳೆ.
ಒಂದು ಕಣ್ಣು ಮುಚ್ಚಿ ನೋಡಿ, ಏನು ಕಾಣ್ತದೆ?
"ಬಲೆ," ಅಂದರು ಮಾವ. "ನಡುವೆ ಹರಿದಿದೆ.
ಉಳಿದ ಕಣ್ಣುಗಳೂ ಸೊಟ್ಟ. ಯಾರು ಹೆಣೆದದ್ದು?"

ಪ್ರಾಯದ್ದು, ಹೋದದ್ದು ಬರುವುದಿಲ್ಲ;
ಎಣ್ಣೆಯಂಶದ ಮೀನು ತಿಂದರೆ ಒಳ್ಳೆಯದಂತೆ,
ಬೂತಾಯಿ, ಬಂಗುಡೆ.
ಮಾವ ನಕ್ಕ ರಭಸಕ್ಕೆ ನರ್ಸು ತಿರುಗಿ ನೋಡಿದಳು.

ಅರುವತ್ತು ವರ್ಷ ಬೂತಾಯಿಯ ಜಿಡ್ಡಿನಲ್ಲೇ
ಮುಳುಗೆದ್ದ ಕೈ ಅದು.
ತೆಂಗಿನ ಬುಡಕ್ಕೆ ಸುರಿಯುವಷ್ಟಿತ್ತು ಆಗ.
ಈಗ ಸಿಕ್ಕಿದ ಅಷ್ಟಿಷ್ಟೂ ಐಸು ಹೊದ್ದು
ಲಾರಿ ಹತ್ತುತ್ತದೆ, ಎಣ್ಣೆ ತೆಗೆಯುವಲ್ಲಿಗೆ.
ನಮ್ಮ ಒಲೆಯಲ್ಲಿ ಮೊಟ್ಟೆ, ಪಾಮೆಣ್ಣೆಯ ಹಪ್ಪಳ.

ಮೆಡಿಕಲ್ಲಿನಲ್ಲಿ ಕೊಟ್ಟರು ಹಳದಿ ಗುಳಿಗೆಯ ಡಬ್ಬಿ.
ಒಂದನ್ನು ಬೆರಳಲ್ಲಿ ಒತ್ತಿ, ಮೂಸಿ,
"ಇವ ನಮ್ಮವನೇ," ಅಂದರು.

ರಾತ್ರಿ ನನ್ನ ಮುಖ ಕಾಣಬೇಕಾದರೆ
ಪಕ್ಕಕ್ಕೆ ಹೊರಳುತ್ತಾರೆ, ಮೀನಿನ ಹಾಗೆ,
ಕೆನ್ನೆಯ ಕಡೆಯಿಂದ ನೋಡುತ್ತಾರೆ.
ಬಲೆ ಈಗಲೂ ಮಡಿಲಲ್ಲಿ.
ಹರಿದಲ್ಲಿಗೆ ಬೆರಳು ತಾನಾಗಿ ಹೋಗುತ್ತದೆ.
ನೂಲು ಸುತ್ತಿ ಕೊಡಲೇ ಎಂದು ಕೇಳಿದೆ.
ಬೇಡ ಮಗಳೇ,
ಲೈಟು ಆರಿಸು, ಕರೆಂಟು ದಂಡ.