ಉಸಿರು ಹಿಡಿದು

ಎಳೆದುಕೊಳ್ಳಿ. ಹಿಡಿದಿಟ್ಟುಕೊಳ್ಳಿ. ಅಲುಗಬೇಡಿ.
ಕನ್ನಡದಲ್ಲಿ ಒಮ್ಮೆ,
ಮೂಚ್ಚ ಪುಡಿ ಅಂತ ತಮಿಳರಿಗೆ,
ಊಪಿರಿ ಬಿಗಬಟ್ಟು ಅಂತ ಕ್ಯಾಸಂಬಳ್ಳಿ ಕಡೆಯವರಿಗೆ.
ಮೂವತ್ತೊಂದು ವರ್ಷ ಚಾಂಪಿಯನ್ ರೀಫಿನ ಆಸ್ಪತ್ರೆಯಲ್ಲಿ
ನಾನು ಆಡಿದ್ದೇ ಇಷ್ಟು.
ಬಿಡಿ ಅನ್ನುವುದೊಂದು ಸೇರಿಸಿದರೆ ನಾಲ್ಕು ಮಾತು.

ತಣ್ಣನೆ ಕ್ಯಾಸೆಟ್ ಎದೆಗೆ ತಾಕಿದರೆ
ಎರಡು ಮೈಲಿ ಆಳಕ್ಕಿಳಿದು ಬಂದವರೂ ಬೆಚ್ಚುತ್ತಿದ್ದರು.
ಕೆಂಪು ಬಲ್ಬಿನಡಿ, ತೊಟ್ಟಿಯಲ್ಲಿ,
ಫಿಲ್ಮು ನಿಧಾನಕ್ಕೆ ಕಣ್ಣು ಬಿಡುವಾಗ
ಪಕ್ಕೆಲುಬು, ಗುಂಡಿಗೆ, ಆಮೇಲೆ ಆ ಬಿಳಿ ಚುಕ್ಕಿಗಳು,
ಯಾರೋ ಮೊರದಿಂದ ನುಚ್ಚಕ್ಕಿ ಚೆಲ್ಲಿದ ಹಾಗೆ.
ಬೆಣಚುಕಲ್ಲಿನ ಧೂಳು.
ಬಂಗಾರ ಎಲ್ಲೆಲ್ಲಿಗೋ ಹೋಯಿತು,
ಅದರ ಜೊತೆಗಿದ್ದ ಕಲ್ಲು ಇವರಲ್ಲೇ ಉಳಿಯಿತು.

ಸವರಿಮುತ್ತು ಹದಿನಾರು ವರ್ಷ ಡ್ರಿಲ್ಲು ಹಿಡಿದವನು,
ಆಮೇಲೆ ಲೈಟ್ ಡ್ಯೂಟಿ. ಕೆಳಗೇ, ಒಂದು ಹಳೆ ಸುರಂಗದಲ್ಲಿ
ವಿಜ್ಞಾನಿಗಳ ಗಾಜಿನ ಕೊಳವೆ ಒರೆಸುವ ಕೆಲಸ.
"ಅವರು ಅಗೆಯಲ್ಲ ಸಿಸ್ಟರ್, ಕಾಯ್ತಾರೆ.
ಅಷ್ಟು ಬಂಡೆ ತೂರಿಕೊಂಡು ಮೇಲಿಂದ ಏನೋ ಬರತ್ತೆ,
ಕೊಳವೆ ಮಿಣುಕ್ ಅನ್ನತ್ತೆ, ಬರೆದಿಡ್ತಾರೆ.
ಕೆಲವು ವಾರ ಬರೀ ಕಾಯೋದೇ."
ಏನು ಬರತ್ತೆ ಮಾರಾಯ?
"ಸತ್ತ ನಕ್ಷತ್ರ ಎಸೆದ ಚೂರಿನ ಮಕ್ಕಳು, ಮೊಮ್ಮಕ್ಕಳು."
ನಿನ್ನೆದೆಯಲ್ಲೂ ಇವೆಯಲ್ಲ ಚೂರು, ಅಂದೆ.
ಇಬ್ಬರೂ ನಕ್ಕೆವು. ಅವನಿಗೆ ಕೆಮ್ಮು ಬಂತು.

ಒಂದು ದಿನ ಹಿಡಿದಿಟ್ಟುಕೊಳ್ಳಿ ಅಂದೆ,
ಅಷ್ಟರಲ್ಲಿ ನೆಲ ನಡುಗಿತು. ಬಂಡೆ ಸಿಡಿತ. ಸೈರನ್ನು.
ಬಾಗಿಲಿಗೆ ಓಡಿ, ಯಾವ ಶಾಫ್ಟು, ಯಾರು, ಅಂತ ಕೇಳಿ
ವಾಪಸು ಬಂದರೆ ಇವನು ಮುಖ ನೇರಳೆ ಮಾಡಿಕೊಂಡು
ಹಾಗೇ ನಿಂತಿದ್ದ.
"ಬಿಡಿ ಅನ್ನಲಿಲ್ಲವಲ್ಲ ನೀವು."

ಆಸ್ಪತ್ರೆಗೀಗ ಬೀಗ. ಗಣಿಯೊಳಗೆ ನೀರು.
ಮೊನ್ನೆ ಅವನ ಮೊಮ್ಮಗಳು ಸಹಾಯಮೇರಿ
ರಾಬರ್ಟ್‌ಸನ್‌ಪೇಟೆಯ ನಮ್ಮನೆಗೆ ಚಿತ್ರವೊಂದನ್ನು ತಂದಳು.
"ಇದೂ ಎಕ್ಸ್‌ರೇನೇ ಆಂಟಿ. ನೋಡಿ ಹೇಳಿ."
ಅಭ್ಯಾಸ, ಕಿಟಕಿಗೆ ಹಿಡಿದೆ.
ಹೆಸರು, ತಾರೀಖು, ಎಡಬಲದ ಗುರುತು ಹುಡುಕಿದೆ. ಇರಲಿಲ್ಲ.
ಕಪ್ಪಿನಲ್ಲಿ ಒಂದು ದುಂಡು ಹೊಗೆ,
ಅಂಚಿಗೆ ಮಾತ್ರ ನೂಲಿನಂಥ ನೀಲಿ ಗೆರೆ,
ಹಂಚಿನ ಮೇಲೆ ದೋಸೆಯ ಅಂಚು ಗರಿಯಾದ ಹಾಗೆ.

ಸಾವಿರ ವರ್ಷದ ಹಿಂದೆ ಒಡೆದ ನಕ್ಷತ್ರವಂತೆ.
ಬಿಟ್ಟ ಉಸಿರು ಇನ್ನೂ ಹೋಗುತ್ತಲೇ ಇದೆಯಂತೆ.
"ಈ ಗೆರೇನ ಕಬಡ್ಡಿ ಗೆರೆ ಅಂದ್ಕೊಳಿ.
ಎಲೆಕ್ಟ್ರಾನು ದಾಟತ್ತೆ. ಆಚೆ ಕಾಂತದ ಸಿಕ್ಕು,
ಹಿಡಿಯಲ್ಲ, ತಿರುಗಿಸಿ ನೂಕತ್ತೆ.
ಈಚೆಗೂ ಹಾಗೇ. ದಾಟಿದಾಗೆಲ್ಲ
ಚೂರು ಜೋರು, ಇನ್ನೂ ಚೂರು ಜೋರು."
ಎಷ್ಟು ಸಲ?
"ಎಣಿಸಿದವರು ಯಾರು? ತಿರುವಿನಲ್ಲಿ ಚೆಲ್ಲಿದ ಬೆಳಕೇ
ಈ ಎಕ್ಸ್‌ರೇ. ಚೆಲ್ಲಿ ಚೆಲ್ಲಿ ಬೇಗ ಸುಸ್ತಾಗತ್ತೆ,
ಅದಕ್ಕೇ ಗೆರೆ ಅಷ್ಟು ಸಣ್ಣ.
ಪ್ರೋಟಾನು ಭಾರ, ಅಷ್ಟು ಚೆಲ್ಲಲ್ಲ, ಅಂಕಣ ಬಿಟ್ಟೇ ಹೋಗತ್ತೆ.
ತಾತ ಕಾದದ್ದು ಅಂಥವುಗಳ ಮಕ್ಕಳಿಗೆ."

ಮಧ್ಯದ ಹೊಗೆ?
"ಅದು ನಕ್ಷತ್ರದ ಹೊಟ್ಟೆಯಲ್ಲಿ ಬೆಂದದ್ದು. ಗಂಧಕ, ಸಿಲಿಕಾನು."
ಸಿಲಿಕಾನು.
ಆ ಹೆಸರಿಗೊಂದು ಬಾಲ ಅಂಟಿಸಿ
ಎಷ್ಟು ರಿಪೋರ್ಟು ಕಟ್ಟಿಟ್ಟೆನೋ.
ಸುಮ್ಮನೆ, ಎಡ ಅಂಚು ಅಲುಗಿದೆ,
ಇನ್ನೊಂದು ತೆಗೆಯಬೇಕು, ಅಂದೆ.
"ತೆಗೆದಿದ್ದಾರೆ, ಹತ್ತು ವರ್ಷ ಬಿಟ್ಟು.
ಒಂದರ ಮೇಲೊಂದು ಇಟ್ಟರೆ ಅಂಚು ಕೂದಲೆಳೆ ಮುಂದೆ.
ಅಲುಗಿದ್ದರಿಂದಲೇ ವೇಗದ ಲೆಕ್ಕ ಸಿಗೋದು."

ತಾತನ ಫಿಲ್ಮು ಇದೆಯಾ, ಕೇಳಿದಳು.
ಇಲ್ಲ ಮಗು, ಬೆಳ್ಳಿಯಾಸೆಗೆ ಕೆಜಿ ಲೆಕ್ಕದಲ್ಲಿ ಹೋದವು.
ಒಂದು ಮಾತ್ರ ಗೊತ್ತು.
ಎಂಬತ್ತರ ಗ್ರಹಣದ ದಿನ ಸೈನೈಡ್ ದಿಬ್ಬದ ಮೇಲೆ
ಹುಡುಗರು ಸಾಲಾಗಿ ನಿಂತು
ಒಂದೇ ಫಿಲ್ಮಿನಲ್ಲಿ ಸರದಿ ಪ್ರಕಾರ ಸೂರ್ಯನನ್ನು ನೋಡುತ್ತಿದ್ದರು.
ಮೂಲೆಯಲ್ಲಿ ನನ್ನ ಕೈಬರಹ, ಸವರಿ ಅಂತ,
ಮುಂದಿನದು ಹರಿದಿತ್ತು.
ಕಪ್ಪು ಶ್ವಾಸಕೋಶದಲ್ಲಿ ನಿಂಬೆಹೋಳಿನಂಥ ಸೂರ್ಯ,
ಸುತ್ತ ಆ ಚುಕ್ಕಿಗಳು ಬೆಳಕನ್ನು ತಡೆಯಲಾರದೆ.
"ಅಕ್ಕಾ, ಹಗಲಲ್ಲೇ ನಕ್ಷತ್ರ" ಅಂದ ಒಬ್ಬ.
ಸರಿ, ಮುಂದಿನವನಿಗೆ ಕೊಡು, ಅಂದೆ.